ಲಿಗಾಯಾ ಕೇಳಿದ್ದು

ನೆನಿತಾ ಅವನ ತೋಳು ಹಿಡಿದು ಶವಪೆಟ್ಟಿಗೆಯಿಂದ ಹಿಂದಕ್ಕೆ ಎಳೆದಳು.

"ಕಣ್ಣೀರು ಅವಳ ಮೇಲೆ ಬೀಳಬಾರದು. ಬಿದ್ದರೆ ಹೊರಡೋಕೆ ಕಷ್ಟ ಆಗುತ್ತೆ ಅವಳಿಗೆ."

"ನಾನು ಅಳ್ತಾ ಇಲ್ಲ, ಆಂಟಿ," ಎಂದ ರೊಮೆಲ್.

ಅವನು ನಿಜಕ್ಕೂ ಅಳುತ್ತಿರಲಿಲ್ಲ. ತಾಯಿ ಲಿಗಾಯಾಳ ಬೆರಳುಗಳಿಗೆ ಸುತ್ತಿದ್ದ ಜಪಮಾಲೆ ಜಾರಿತ್ತು, ಸರಿಮಾಡಲು ಬಗ್ಗಿದ್ದ. ಚಿಕ್ಕಮ್ಮ ಹೇಳಿದಳೆಂದು ಸರಿದು ನಿಂತ. ನೆನಿತಾ ಹಿಂದಿನ ದಿನವಷ್ಟೇ ಫಿಲಿಪ್ಪೀನ್ಸ್‌ನಿಂದ ಬಂದಿದ್ದಳು. ತಾಯಿಯ ಈ ತಂಗಿಯನ್ನು ರೊಮೆಲ್ ಚಿಕ್ಕವನಿದ್ದಾಗ ಒಮ್ಮೆ ನೋಡಿದ್ದು ಬಿಟ್ಟರೆ ಮತ್ತೆ ನೋಡಿರಲಿಲ್ಲ. ಇಬ್ಬರ ನಡುವೆ ಇದ್ದದ್ದು ಇಂಗ್ಲಿಷ್ ಒಂದೇ. ಅದೂ ಅವಳಿಗೆ ಶಾಲೆಯಲ್ಲಿ ಕಲಿತಷ್ಟು.

ಡೇಲಿ ಸಿಟಿಯ ಆ ಚರ್ಚಿನ ಹೊರಗೆ ಮಂಜು ಇನ್ನೂ ಸರಿದಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಲಿಗಾಯಾಳ ಜೊತೆ ವೃದ್ಧರ ಆರೈಕೆಯ ಮನೆಯಲ್ಲಿ ಕೆಲಸ ಮಾಡಿದ್ದ ಇಬ್ಬರು ಹೆಂಗಸರು ಕೂತಿದ್ದರು. ಈಗ ಅವರೇ ಮುದುಕಿಯರು.

"ಲಿಗಾಯಾ ರಜೆ ಹಾಕಿದ್ದು ನಾನು ನೋಡೇ ಇಲ್ಲ," ಎಂದಳು ಒಬ್ಬಳು.

"ಹಾಕಿದ್ಲು. ಗಂಡ ಸತ್ತಾಗ."

"ಆಗಲೂ ಸೋಮವಾರ ಬಂದುಬಿಟ್ಟಳು."

ಅವರ ಮುಂದೆ ಕೂತಿದ್ದ ಹರ್ಷಿತಾಳಿಗೆ ಇದೆಲ್ಲ ಕೇಳಿಸುತ್ತಿತ್ತು. ಅವಳು ಮೈಸೂರಿನವಳು, ರೊಮೆಲ್‌ನ ಹೆಂಡತಿ. ಪಕ್ಕದಲ್ಲಿ ಮಗಳು ನಿಸರ್ಗಾ ಕಾಲು ಆಡಿಸುತ್ತ ಕೂತಿದ್ದಳು. ಹರ್ಷಿತಾ ಅವಳ ಮಂಡಿಯ ಮೇಲೆ ಕೈಯಿಟ್ಟಳು.

ಕೋಲ್ಮಾದ ಸ್ಮಶಾನದಲ್ಲಿ, ಪೆಟ್ಟಿಗೆ ಇಳಿಸುವ ಮೊದಲು, ಮಗುವನ್ನು ಅದರ ಮೇಲಿಂದ ಈಚೆಗೆ ದಾಟಿಸಬೇಕೆಂದಳು ನೆನಿತಾ. ಇಲ್ಲದಿದ್ದರೆ ಅಜ್ಜಿ ಮೊಮ್ಮಗಳನ್ನು ಬಿಟ್ಟು ಹೋಗುವುದಿಲ್ಲವಂತೆ.

"ಐ ಆ್ಯಮ್ ಟೂ ಬಿಗ್, ಅಮ್ಮಾ," ಎಂದಳು ನಿಸರ್ಗಾ.

"ಪರವಾಗಿಲ್ಲ, ಬಾ ಪುಟ್ಟಿ."

ಹರ್ಷಿತಾ ಆಚೆಯಿಂದ ಎತ್ತಿದಳು, ರೊಮೆಲ್ ಈಚೆಯಿಂದ ಹಿಡಿದುಕೊಂಡ. ಹುಡುಗಿಯ ಶೂ ಬಿಳಿ ಹೂಗಳಿಗೆ ತಾಗಿ ಒಂದೆರಡು ಉದುರಿದವು.

*

ಪಾರ್ಶ್ವವಾಯು ಬಡಿದ ಮೇಲೆ ಲಿಗಾಯಾಳ ಇಂಗ್ಲಿಷ್ ಹೋಯಿತು. ಕೆಲವು ದಿನಗಳಲ್ಲಿ, ಫಿಲಿಪ್ಪೀನ್ಸ್‌ನಲ್ಲಿ ಎಲ್ಲೆಡೆ ನಡೆಯುವ ಟಗಾಲೊಗ್ ಭಾಷೆ ಕೂಡ ಹೋಯಿತು. ಉಳಿದದ್ದು ಅವಳು ಹುಟ್ಟಿದ ಪಂಪಾಂಗ ಪ್ರಾಂತ್ಯದ ಮಾತು, ಕಪಂಪಾಂಗನ್. ಆಸ್ಪತ್ರೆಯಲ್ಲಿ ಫಿಲಿಪ್ಪೀನ್ಸ್‌ನ ನರ್ಸುಗಳಿಗೇನೂ ಕಡಿಮೆ ಇರಲಿಲ್ಲ, ಆದರೆ ಈ ಮಾತು ಬಲ್ಲವರು ಯಾರೂ ಸಿಗಲಿಲ್ಲ. "ಮೈಸೂರಲ್ಲಿ ತುಳು ಮಾತಾಡಿದ ಹಾಗೆ," ಎಂದು ಹರ್ಷಿತಾ ತನ್ನ ಅಮ್ಮನಿಗೆ ಹೇಳಿದ್ದಳು.

ಲಿಗಾಯಾ ಮತ್ತೆ ಮತ್ತೆ ಒಂದೇ ಮಾತು ಹೇಳುತ್ತಿದ್ದಳು. ರೊಮೆಲ್‌ಗೆ ಅದರಲ್ಲಿ 'ಮುಲಿ' ಅನ್ನುವುದಷ್ಟೇ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮನಿಲಾದಿಂದ ಬಂದಿದ್ದ ನರ್ಸು ಸಂತೋಷದಿಂದ ಬಿಡಿಸಿ ಹೇಳಿದಳು: "ಮುಲಿ ಅಂದ್ರೆ ಇನ್ನೊಮ್ಮೆ. ನೀನು ಮಾಡಿದ್ದು ಅಮ್ಮನಿಗೆ ಇಷ್ಟವಾಗಿದೆ."

ಅಂದಿನಿಂದ ರೊಮೆಲ್ ಎಲ್ಲವನ್ನೂ ಇನ್ನೊಮ್ಮೆ ಮಾಡಿದ. ತಲೆ ಬಾಚಿದ ಮೇಲೆ ಇನ್ನೊಮ್ಮೆ ಬಾಚಿದ. ಗಂಜಿ ಕುಡಿಸಿದ ಮೇಲೆ ಇನ್ನೊಂದು ಚಮಚ ಹಿಡಿದ. ಅವಳು ಮುಖ ತಿರುಗಿಸಿದರೆ ದಣಿದಿದ್ದಾಳೆ ಅಂದುಕೊಂಡ. ತಾಯಿಯದು ಒಂದು ಮಾತಾದರೂ ತನಗೆ ತಿಳಿಯಿತಲ್ಲ ಎಂಬ ಸಮಾಧಾನ ಅವನಿಗಿತ್ತು.

*

ಸ್ಮಶಾನದಿಂದ ನೇರ ಮನೆಗೆ ಹೋಗುವಂತಿರಲಿಲ್ಲ. ಸತ್ತವರು ಬೆನ್ನು ಹತ್ತಿ ಬರದಂತೆ ನಡುವೆ ಎಲ್ಲಾದರೂ ಇಳಿಯಬೇಕೆಂದು ನೆನಿತಾ ಹೇಳಿದ್ದರಿಂದ, ಫ್ರೀವೇ ಹತ್ತುವ ಮೊದಲು ಸಿಕ್ಕ ಡೋನಟ್ ಅಂಗಡಿಯ ಮುಂದೆ ಕಾರು ನಿಲ್ಲಿಸಿದರು. ಅಷ್ಟರಲ್ಲಿ ಸನ್ನಿವೇಲ್‌ನ ಮನೆಯಿಂದ ಹರ್ಷಿತಾಳ ಅಮ್ಮ ಸತ್ಯವತಿ ಫೋನ್ ಮಾಡಿದರು. ಮಂಡಿನೋವಿನಿಂದ ಅವರು ಬಂದಿರಲಿಲ್ಲ.

"ಎಲ್ಲಾ ಸರಿಯಾಗಿ ಆಯ್ತೇನೇ?"

"ಆಯ್ತಮ್ಮ. ಡೋನಟ್ ತಿನ್ನೋಕೆ ನಿಲ್ಲಿಸಿದ್ದೀವಿ."

"ಡೋನಟ್ಟಾ? ಈವತ್ತಾ?"

"ಅವರಲ್ಲಿ ಹಾಗಂತೆ ಅಮ್ಮ. ಆಮೇಲೆ ಹೇಳ್ತೀನಿ."

ನಾಲ್ವರೂ ಕಿಟಕಿಯ ಪಕ್ಕ ಕೂತರು. ನೆನಿತಾ ದಪ್ಪ ಜಾಕೆಟ್ಟು ಬಿಚ್ಚಲೇ ಇಲ್ಲ. ಕೊನೆಯ ದಿನಗಳಲ್ಲಿ ಅಕ್ಕ ಹೇಗಿದ್ದಳು ಎಂದು ಕೇಳಿದಳು.

"ಸಮಾಧಾನವಾಗಿ ಇದ್ಲು," ಎಂದ ರೊಮೆಲ್. "ಏನು ಮಾಡಿದ್ರೂ ಇನ್ನೊಮ್ಮೆ ಮಾಡು ಅಂತಿದ್ಲು. ಮುಲಿ, ಮುಲಿ ಅಂತ."

ನೆನಿತಾ ಕೈಯಲ್ಲಿದ್ದ ಡೋನಟ್ಟು ಕಾಗದದ ಮೇಲಿಟ್ಟಳು. "ಬರೀ ಮುಲಿ ಅಂತಲಾ?"

"ನೋ, ಮುಲಿ ತ ನ," ಎಂದಳು ನಿಸರ್ಗಾ. "ಅಪೂ ಆಲ್ವೇಸ್ ಸೆಡ್ ಇಟ್ ಲೈಕ್ ದಟ್." ಅಜ್ಜಿಯನ್ನು ಅವಳು ಅಪೂ ಎಂದೇ ಕರೆಯುತ್ತಿದ್ದಳು.

ನೆನಿತಾಳ ಮುಖ ಬದಲಾದದ್ದನ್ನು ಹರ್ಷಿತಾ ನೋಡಿದಳು. ಏನೋ ಬರುತ್ತಿದೆ ಎಂದು ಅವಳಿಗೆ ಅನ್ನಿಸಿತು.

"ಆಂಟಿ, ಏನೇ ಇದ್ರೂ ಈವತ್ತೇ ಹೇಳಬೇಕಾ?"

"ಮುಂದಿನ ವಾರ ನಾನು ಇರಲ್ಲ. ಫೋನಲ್ಲಿ ಹೇಳೋ ಮಾತಲ್ಲ ಇದು." ಅವಳು ರೊಮೆಲ್ ಕಡೆ ತಿರುಗಿದಳು. "ಮುಲಿ ಅಂದ್ರೆ ಇನ್ನೊಮ್ಮೆ ಅನ್ನೋದು ಟಗಾಲೊಗ್‌ನಲ್ಲಿ. ನಮ್ಮ ಮಾತಲ್ಲಿ ಅಲ್ಲ. ಮನೆಗೆ ಹೋಗೋಣ ಅಂತ ಹೇಳ್ತಿದ್ಲು ಅವಳು."

"ಅವಳು ಮನೆಗೆ ಹೋಗೋಣ ಅಂತಿದ್ಲು," ಎಂದ ರೊಮೆಲ್. "ನಾನು ತಲೆ ಬಾಚ್ತಾ ಇದ್ದೆ."

ಅವನು ನೆನಿತಾಳ ಕಡೆ ತಿರುಗಿದ.

"ಊರಿಗೆ ಕರ್ಕೊಂಡು ಹೋಗಬೇಕಿತ್ತು ನಾನು. ಇಲ್ಲಿ ಹೂತುಬಿಟ್ಟೆ."

"ಯಾವ ಊರಿಗೆ?" ನೆನಿತಾಳ ದನಿ ಸ್ವಲ್ಪ ಗಟ್ಟಿಯಾಯಿತು. "ಜ್ವಾಲಾಮುಖಿಯ ಬೂದಿ ಮಳೆನೀರಲ್ಲಿ ಇಳಿದು ಬಂದು ನಮ್ಮ ಮನೆ ಸೂರಿನ ತನಕ ಮುಚ್ಚಿತು. ಅದು ಅವಳಿಗೂ ಗೊತ್ತಿತ್ತು. ಕೇಳಿಲ್ಲಿ. 'ತ' ಅಂದ್ರೆ ನಾವಿಬ್ಬರು. ಹೇಳೋಳು ಒಬ್ಬಳು, ಕೇಳೋನು ಒಬ್ಬ. ಇನ್ನೂ ಜನ ಇದ್ದಿದ್ರೆ ಬೇರೆ ಪದ ಹೇಳ್ತಿದ್ಲು. ಅವಳು ನನ್ನನ್ನ ಕರೀಲಿಲ್ಲ, ಸತ್ತ ಅಪ್ಪ ಅಮ್ಮನ್ನೂ ಕರೀಲಿಲ್ಲ. ಮಂಚದ ಪಕ್ಕ ಯಾರಿದ್ರು?"

"ನಾನೇ."

"ಮತ್ತೆ?"

ಕಾರು ಹತ್ತಿದ ಮೇಲೆ ಅವನು ಬಹಳ ಹೊತ್ತು ಕೀಲಿ ತಿರುಗಿಸಲಿಲ್ಲ. ಕೊನೆಗೆ ಹರ್ಷಿತಾಳಿಗೆ ಹೇಳಿದ: "ಚಿಕ್ಕವನಿದ್ದಾಗ ಅಮ್ಮನ ಕೋಟಿನಲ್ಲಿ ಬ್ಲೀಚಿನ ವಾಸನೆ ಇರ್ತಿತ್ತು. ಅದು ಮಾತ್ರ ನೆನಪಿದೆ."

*

ಅವನಿಗೆ ನೆನಪಿರದ ಸಂಜೆಗಳು ಹೀಗಿದ್ದವು. ಗಂಡ ನೌಕಾಪಡೆಯ ಹಡಗಿನಲ್ಲಿ ಅಡುಗೆಯವನು, ವರ್ಷದಲ್ಲಿ ಬಹುಕಾಲ ಸಮುದ್ರದ ಮೇಲೆ. ಊರಿನಲ್ಲಿ ಶಾಲೆಯ ಮೇಡಮ್ ಆಗಿದ್ದ ಲಿಗಾಯಾ ಇಲ್ಲಿ ಹಗಲೆಲ್ಲ ಮುದುಕರ ಹಾಸಿಗೆ ಬದಲಿಸಿ, ಸಂಜೆ ಬಸ್ಸಿಳಿದು, ಪಕ್ಕದ ಬೀದಿಯವರ ಮನೆಗೆ ಬರುತ್ತಿದ್ದಳು. ಮಗ ಅಲ್ಲಿ ಸೋಫಾದ ಮೇಲೆ ನಿದ್ದೆಹೋಗಿರುತ್ತಿದ್ದ. ಎತ್ತಿಕೊಂಡು, ಕೋಟಿನೊಳಗೆ ಸೇರಿಸಿಕೊಂಡು, ಕಿವಿಯ ಹತ್ತಿರ ಹೇಳುತ್ತಿದ್ದಳು: ಮುಲಿ ತ ನ. ಬಾಡಿಗೆಯ ಒಂದು ಕೋಣೆಗೆ ಇಬ್ಬರೂ ಮಂಜಿನಲ್ಲಿ ಏರು ಹತ್ತಿ ಹೋಗುತ್ತಿದ್ದರು.

ಶಾಲೆಗೆ ಸೇರಿಸಿದ ಮೇಲೆ ಟೀಚರು ಅವಳನ್ನು ಕರೆಸಿದರು. ಹುಡುಗ ಎರಡು ಭಾಷೆ ಬೆರೆಸುತ್ತಾನೆ, ಹಿಂದೆ ಬೀಳುತ್ತಾನೆ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ ಎಂದರು. ಟೀಚರ ಮಾತನ್ನು ತಾಯಂದಿರು ಮೀರಬಾರದೆಂದು ಸ್ವತಃ ಟೀಚರಾಗಿದ್ದವಳಿಗೆ ಗೊತ್ತಿತ್ತು. ಅಂದಿನ ಸಂಜೆಯೇ ಅವಳು ಅವನನ್ನು ಎಬ್ಬಿಸಿ, "ಲೆಟ್ಸ್ ಗೋ ಹೋಮ್," ಎಂದಳು. ಮುಂದೆ ಎಂದೂ ಅವನೊಂದಿಗೆ ತನ್ನ ಮಾತು ಆಡಲಿಲ್ಲ. ಅವನು ಹೈಸ್ಕೂಲಿಗೆ ಬಂದಾಗ ಅವಳು ಫ್ರಿಜ್ಜನ್ನು ಪ್ರಿಜ್ ಅಂದರೆ ತಿದ್ದುತ್ತಿದ್ದ. ಅವಳು ತಿದ್ದಿಕೊಳ್ಳುತ್ತಿದ್ದಳು.

*

ಸನ್ನಿವೇಲ್‌ನಲ್ಲಿ ಬಿಸಿಲಿತ್ತು. ಸತ್ಯವತಿ ಬಾಗಿಲಲ್ಲೇ ತಡೆದರು. ಹೊರಗೆ ಒಂದು ಬಕೆಟ್ಟು ನೀರು, ತಂಬಿಗೆ ಇಟ್ಟಿದ್ದರು.

"ಹರ್ಷಿ, ಕಾಲು ತೊಳ್ಕೊಳ್ದೆ ಒಳಗೆ ಬರಬೇಡಿ. ಅವರಿಗೂ ಹೇಳೇ. ಬೇಜಾರು ಮಾಡ್ಕೋತಾರೇನೋ."

ಹೇಳುವ ಅಗತ್ಯ ಬೀಳಲಿಲ್ಲ. ನೆನಿತಾ ಆಗಲೇ ಚಪ್ಪಲಿ ಬಿಟ್ಟು, ಜಾಕೆಟ್ಟಿನ ತೋಳು ಮೇಲೆ ಸರಿಸಿದ್ದಳು. ನಿಸರ್ಗಾ ತೊಳೆದುಕೊಂಡು ಒಳಗೆ ಓಡಿದಳು. ಹರ್ಷಿತಾಳೂ ತೊಳೆದುಕೊಂಡಳು. ರೊಮೆಲ್ ಮೆಟ್ಟಿಲ ಮೇಲೆ ಕೂತ, ಆದರೆ ಶೂ ಬಿಚ್ಚದೆ ಹಾಗೇ ಕೂತುಬಿಟ್ಟ.

ನೆನಿತಾ ಕೆಳಗಿನ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತಳು. ಅವನ ಶೂ ದಾರ ಬಿಚ್ಚಿ, ಸಾಕ್ಸು ಎಳೆದು ಪಕ್ಕಕ್ಕಿಟ್ಟಳು. ತಲೆಯಲ್ಲಿ ಬಿಳಿಕೂದಲು ಮೂಡುತ್ತಿದ್ದ ಆ ಗಂಡಸು ಬೇಡ ಅನ್ನಲಿಲ್ಲ. ಸತ್ಯವತಿ ತಂಬಿಗೆಯಿಂದ ನೀರು ಹೊಯ್ದರು, ನೆನಿತಾ ಬೆರಳ ಸಂದಿಗಳನ್ನೂ ಬಿಡದೆ ತೊಳೆದಳು. ಆಮೇಲೆ ತನ್ನ ಮಾತಿನಲ್ಲಿ ಏನೋ ಹೇಳಿ, ಇನ್ನೊಂದು ಕಾಲು ಮುಂದಿಡು ಎನ್ನುವಂತೆ ಅವನ ಮೊಣಕಾಲು ತಟ್ಟಿದಳು. ಅವನು ಮುಂದಿಟ್ಟ.