ಹೆಣ್ಣು ಸಾಕು ಎಂಬ ಹೆಸರು

ನನ್ನ ಹೆಸರು ದೊಖ್ತರ್‌ಬಸ್. ಹೆಣ್ಣು ಸಾಕು ಎಂದರ್ಥ. ನಾಲ್ವರು ಅಕ್ಕಂದಿರ ಬೆನ್ನಿಗೆ ನಾನು ಹುಟ್ಟಿದೆ. ಅಪ್ಪ ದೇವರಿಗೆ ಕೊಡಬೇಕಾದ ಅರ್ಜಿಯನ್ನು ನನ್ನ ಹಣೆಗೇ ಬರೆದುಬಿಟ್ಟ. ಮರುವರ್ಷ ತಮ್ಮ ಬಂದ. ಅವನಿಗೆ ಖುದಾದಾದ್, ದೇವರು ಕೊಟ್ಟವನು. ಹಾಗಾದರೆ ನನ್ನನ್ನು ಯಾರು ಕೊಟ್ಟರು ಎಂದು ಕೇಳಿದ್ದಕ್ಕೆ ಕಪಾಳಕ್ಕೆ ಬಿತ್ತು.

ಇರಾನಿನ ಬೊರುಜೆರ್ದ್ ಊರಿನ ನಮ್ಮ ಓಣಿಯಲ್ಲಿ ಹೆಣ್ಣು ಹೆತ್ತು ಸೋತವರು ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. "ನಿನ್ನ ಹೆಸರು ಫಲ ಕೊಡ್ತಮ್ಮ, ನಮ್ಮ ಮಗೂನ ಒಂದ್ಸಲ ಎತ್ಕೋ." ಎತ್ತಿಕೊಳ್ಳುತ್ತಿದ್ದೆ. ಮೈಯೆಲ್ಲ ಉರಿಯುತ್ತಿತ್ತು.

ಈಗ ಖುದಾದಾದನಿಗೇ ಮೂರನೆಯ ಹೆಣ್ಣು. ಹೆಸರಿಡುವ ದಿನ ಮುಲ್ಲಾ, ನೆಂಟರೆಲ್ಲ ಚಹಾ ಹಿಡಿದು ಕೂತಿದ್ದರು. ಪದ್ಧತಿಯಂತೆ ಹೆಸರು ಬರೆದ ಐದು ಚೀಟಿಗಳನ್ನು ಕುರ್‌ಆನಿನ ಪುಟಗಳ ನಡುವೆ ಇಟ್ಟಿದ್ದರು. ಕೈಗೆ ಬಂದದ್ದೇ ಮಗುವಿನ ಹೆಸರು.

"ದೊಖ್ತರ್‌ಬಸ್ ತೆಗೀಲಿ. ಅವಳ ಕೈಗುಣ ಒಳ್ಳೇದು," ಎಂದ ಅಪ್ಪ.

ಚೀಟಿ ಸಿಗದವಳಂತೆ ನಿಧಾನಕ್ಕೆ ಪುಟ ಮಗುಚಿದೆ. ಮೊದಲನೆಯದರಲ್ಲಿ ನನ್ನದೇ ಹೆಸರು. ಎರಡನೆಯದರಲ್ಲೂ ಅದೇ. ಐದಕ್ಕೆ ಐದೂ ಅದೇ. ದೇವರ ಪುಸ್ತಕದೊಳಗೂ ಮೋಸ!

ಒಂದನ್ನು ಎತ್ತಿ, "ಮಹ್‌ರುಖ್!" ಎಂದು ಗಟ್ಟಿಯಾಗಿ ಓದಿದೆ. ಚಂದ್ರಮುಖಿ. ಓದಿದವಳೇ ಚೀಟಿಯನ್ನು ಮುಷ್ಟಿಯಲ್ಲಿ ಮುದುಡಿಕೊಂಡೆ.

ಅಪ್ಪನ ಮುಖ ಸುಟ್ಟ ಬದನೆಕಾಯಿ ಆಯಿತು. ನಾನು ಸುಳ್ಳಿ ಎನ್ನಬೇಕಾದರೆ ತನ್ನ ಮೋಸವನ್ನೂ ಮುಲ್ಲಾನ ಎದುರು ಒಪ್ಪಿಕೊಳ್ಳಬೇಕು. ಮುಲ್ಲಾ ಮಗುವಿನ ಕಿವಿಯಲ್ಲಿ ಆಜಾನ್ ಹೇಳಿ ಮಹ್‌ರುಖ್ ಎಂದು ಕರೆದರು. ಹುಟ್ಟಿದಾಗಿನಿಂದ ಹೊತ್ತ ಸಿಟ್ಟು ಅವತ್ತು ತೀರಿತು ಅನ್ನಿಸಿತು.

ಗೆದ್ದ ಸುದ್ದಿ ಹೇಳೋಣವೆಂದು ಮಗುವನ್ನೆತ್ತಿಕೊಂಡು ಬಾಣಂತಿಯ ಕೋಣೆಗೆ ಹೋದೆ. ತಮ್ಮನ ಹೆಂಡತಿ ಸನೋಬರ್ ಗೋಡೆಯ ಕಡೆ ತಿರುಗಿ ಅಳುತ್ತಿದ್ದಳು.

"ಎಂಥ ಕೆಲಸ ಮಾಡ್ಬಿಟ್ಟೆ ಅಕ್ಕಾ!"

"ಅಪ್ಪನ ಮೋಸ ಕಣೇ. ಐದೂ ಚೀಟೀಲಿ..."

"ಗೊತ್ತು. ಮಾವನ ಕೈಕಾಲು ಹಿಡಿದು, ಐದೂ ಬರೆದುಕೊಟ್ಟೋಳು ನಾನೇ." ಅವಳು ಎದ್ದು ಕೂತಳು. "ಇನ್ನೊಂದೂ ಹೆಣ್ಣಾದ್ರೆ ಬೇರೆಯವಳನ್ನ ಕಟ್ಕೋತೀನಿ ಅಂದಿದಾನೆ ನಿನ್ನ ತಮ್ಮ. ಮೂರು ಮಕ್ಕಳನ್ನ ಕಟ್ಕೊಂಡು ನಾನೆಲ್ಲಿಗೆ ಹೋಗ್ಲಿ? ನಿನಗೆ ಹೆಸರು ಚೆನ್ನಾಗಿರಬೇಕು. ನನಗೆ ಮನೆ ಉಳೀಬೇಕು."

ಅವಳು ಮಗುವನ್ನು ಕಿತ್ತುಕೊಂಡು, ಮುಲ್ಲಾ ಹೆಸರು ಹೇಳಿದ ಆ ಕಿವಿಗೇ ಬಾಯಿಟ್ಟು, "ದೊಖ್ತರ್‌ಬಸ್, ದೊಖ್ತರ್‌ಬಸ್" ಎನ್ನತೊಡಗಿದಳು.