ಚರಂಡಿ ಕಡೆಯ ಸ್ಟಿಯರಿಂಗ್

ಮೋಟಾರು ಕಾರು ಹೊಸದಾಗಿ ಬಂದ ಕಾಲದಲ್ಲಿ ಸ್ಟಿಯರಿಂಗ್ ಯಾವ ಕಡೆ ಇರಬೇಕು ಎಂಬುದಕ್ಕೆ ಯಾರೂ ಕಟ್ಟುಪಾಡು ಮಾಡಿರಲಿಲ್ಲ. ಒಬ್ಬ ಚರಂಡಿ ಕಡೆ ಇಡುತ್ತಿದ್ದ, ಇನ್ನೊಬ್ಬ ರಸ್ತೆಯ ನಡುವಿನ ಕಡೆ. ಮತ್ತೊಬ್ಬ ಪುಣ್ಯಾತ್ಮ ಎರಡರ ತಂಟೆಯೂ ಬೇಡವೆಂದು ಮಧ್ಯದಲ್ಲಿ ಒಂದು ಸಲಾಕೆ ನೆಟ್ಟು ಕೈತೊಳೆದುಕೊಂಡಿದ್ದ. ಕೊಳ್ಳುವವರು ಕೇಳಿದ ಕಡೆಗೆ ಕೂರಿಸಿಕೊಡುವ ಕಾರ್ಖಾನೆಗಳೂ ಇದ್ದವು. ಮೇಸ್ತ್ರಿಯದು ಅಂಥದ್ದೇ ಒಂದು. ಮೊದಲು ಅಲ್ಲಿ ಕುದುರೆ ಗಾಡಿ ಮಾಡುತ್ತಿದ್ದರು. ಆಮೇಲೆ ಹಡಗಿನಲ್ಲಿ ಬಂದ ಇಂಜಿನ್ನು, ಚೌಕಟ್ಟಿನ ಮೇಲೆ ಮರದ ಮೈ ಕಟ್ಟಿ, ಸೀಟಿಗೆ ಚರ್ಮ ಹೊದಿಸಿ, ಬಣ್ಣ ಹೊಡೆದು ಕೊಡತೊಡಗಿದರು.

ಕೇಳಿದ ಕಡೆಗೆ ಎನ್ನುವುದೆಲ್ಲ ಬೋರ್ಡಿನ ಮೇಲಿನ ಮಾತು. ಮೇಸ್ತ್ರಿಯ ಕೈಗೆ ಬಂದ ಗಾಡಿಗೆ ಸ್ಟಿಯರಿಂಗ್ ಚರಂಡಿ ಕಡೆಗೇ. ಅವನ ಅಪ್ಪ ಗಾಡಿ ಹೊಡೆಯುತ್ತಿದ್ದವನು. ಒಂದು ಸಂಜೆ ಚಕ್ರ ರಸ್ತೆಯ ಅಂಚಿನಿಂದ ಜಾರಿ, ಗಾಡಿ ಚರಂಡಿಗೆ ಮಗುಚಿ, ಅಪ್ಪ ಅದರಡಿಗೆ ಸಿಕ್ಕಿ ಸತ್ತಿದ್ದ. ಓಡಿಸುವವನ ಕಣ್ಣು ಯಾವಾಗಲೂ ಅಂಚಿನ ಮೇಲಿರಬೇಕು ಎಂದು ಅಂದೇ ಮೇಸ್ತ್ರಿ ತೀರ್ಮಾನಿಸಿದ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯದನ್ನು ಎಣಿಸಿ ತೋರಿಸಲು ಬಂದ ಗಿರಾಕಿಗಳು ಬೇರೆ ಕಾರ್ಖಾನೆ ನೋಡಿಕೊಂಡರು.

ಮೇಸ್ತ್ರಿಯ ಸ್ವಂತ ತಮ್ಮ ಹಾಗೆ ಬೇರೆ ಕಾರ್ಖಾನೆ ನೋಡಿಕೊಳ್ಳುವಂತಿರಲಿಲ್ಲವಲ್ಲ. ಅವನು ಡ್ರೈವರ್. ಬಾಡಿಗೆಗೆ ಓಡಿಸಲು ಸ್ವಂತದ್ದೊಂದು ಕಾರು ಮಾಡಿಸಿಕೊಳ್ಳಬೇಕೆಂದು ಅಣ್ಣನ ಮುಂದೆ ನಿಂತ.

"ಅಣ್ಣ, ನನ್ನ ಗಾಡಿಗೆ ಮಾತ್ರ ನಡುವಿನ ಕಡೆ ಹಾಕ್ಕೊಡು. ಮುಂದಿನ ಗಾಡಿ ದಾಟಬೇಕಾದ್ರೆ ಎದುರಿಗೆ ಏನು ಬರ್ತಿದೆ ಅಂತ ನಂಗೆ ಕಾಣ್ಬೇಕು."

"ಚರಂಡಿ ಕಾಣೋದು ಬೇಡ್ವಾ?"

"ಚರಂಡಿ ಇದ್ದಲ್ಲೇ ಇರುತ್ತೆ. ಅದೇನು ಎದ್ದು ಬಂದು ಹೊಡೆಯುತ್ತಾ?"

"ಅಪ್ಪನಿಗೆ ಹೊಡೀತಲ್ಲ," ಎಂದ ಮೇಸ್ತ್ರಿ.

ಅಪ್ಪನನ್ನು ಮಧ್ಯೆ ತಂದರೆ ತಮ್ಮನ ಬಾಯಿ ಕಟ್ಟುತ್ತದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ತಂದಿದ್ದ. ಗೆದ್ದ ಮೇಲೆ ಸಮಾಧಾನದ ಮಾತೂ ಹೇಳಿದ. "ಎದುರು ನೋಡೋಕೆ ಪಕ್ಕದಲ್ಲಿ ಯಾರಾದ್ರೂ ಕೂತೇ ಇರ್ತಾರೆ. ಅವರನ್ನ ಕೇಳಿದ್ರಾಯ್ತು."

ಕಾರು ರಸ್ತೆಗಿಳಿದ ಸ್ವಲ್ಪ ದಿನಕ್ಕೆ, ಮರ ಆರಿಸಿ ತರಲು ಇಬ್ಬರೂ ಹೊರಟರು. ತಮ್ಮ ಚರಂಡಿ ಕಡೆ, ಮೇಸ್ತ್ರಿ ನಡುವಿನ ಕಡೆ. ಮುಂದೆ ಒಂದು ಹುಲ್ಲಿನ ಗಾಡಿ ರಸ್ತೆಯ ಮುಕ್ಕಾಲು ಪಾಲು ತನ್ನದೇ ಎಂಬಂತೆ ತೂಗಾಡುತ್ತಾ ಹೋಗುತ್ತಿತ್ತು. ತಮ್ಮನಿಗೆ ಹುಲ್ಲಿನ ಹೊರತು ಬೇರೇನೂ ಕಾಣುತ್ತಿರಲಿಲ್ಲ.

"ಅಣ್ಣ, ಎದುರಿಗೆ ಏನಾದ್ರೂ ಬರ್ತಿದ್ಯಾ?"

ಮೇಸ್ತ್ರಿ ಕತ್ತು ಹೊರಹಾಕಿ ನೋಡಿದ. ಸೇತುವೆಯ ಆಚೆ ಧೂಳೆದ್ದಿತ್ತು, ಧೂಳಿನಲ್ಲಿ ಏನೋ ಕಪ್ಪಗೆ ಕಂಡಿತು. ಸೇತುವೆಯಿಂದ ಇಲ್ಲಿಗೆ ಬರುವಷ್ಟರಲ್ಲಿ ಚಕ್ರಕ್ಕೆ ಎಣ್ಣೆ ಬಿಟ್ಟು ಕೈ ಒರೆಸಿಕೊಳ್ಳಬಹುದು ಎಂದು ಅವನ ಕಣ್ಣು ಲೆಕ್ಕ ಹಾಕಿತು. ಅದು ಜೀವಮಾನವೆಲ್ಲ ಕುದುರೆಯ ಓಟವನ್ನೇ ಅಳೆದ ಕಣ್ಣು. ಧೂಳಿನಲ್ಲಿ ಬರುತ್ತಿದ್ದದ್ದು ಮೋಟಾರು.

"ದೂರ ಇದೆ. ಹೋಗು," ಎಂದ.

ತಮ್ಮ ಹುಲ್ಲಿನ ಗಾಡಿಯ ಪಕ್ಕಕ್ಕೆ ಬಂದು ನೋಡಿದಾಗ ಮೋಟಾರು ಮೂಗಿನ ಮುಂದಿತ್ತು. ಹೇಗೋ ಜಾಗ ಹುಡುಕಿ ಕಾರನ್ನು ಎತ್ತಿನ ಮುಂದಿನಿಂದ ಈಚೆಗೆ ಎಳೆದ. ಕಾರು ನಿಲ್ಲದೆ ನೇರ ಚರಂಡಿಗೆ ಬಿತ್ತು. ಯಾವ ಚರಂಡಿಗೆ ಹೆದರಿ ಮೇಸ್ತ್ರಿ ಅವನನ್ನು ಆ ಕಡೆ ಕೂರಿಸಿದ್ದನೋ ಅದೇ ಚರಂಡಿ. ನಡುವಿನ ಕಡೆ ಕೂತಿದ್ದ ಮೇಸ್ತ್ರಿಯ ಹಣೆ ತರಚಿತು. ತಮ್ಮನ ಮಂಡಿ ನುಜ್ಜುಗುಜ್ಜಾಯಿತು.

ಆಸ್ಪತ್ರೆಗೆ ತಮ್ಮನ ಹೆಂಡತಿ ಓಡಿ ಬಂದಳು. ಏನಾಯ್ತು ಎಂದು ಅವಳು ಕೇಳುವ ಮೊದಲೇ ತಮ್ಮ, "ನಾನೇ ಸರಿಯಾಗಿ ನೋಡ್ಲಿಲ್ಲ ಕಣೆ," ಎಂದ. ಮೇಸ್ತ್ರಿ ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿದ. ನಾಳೆ ಹೇಳಿದರಾಯಿತು ಎಂದುಕೊಂಡ.

ಆ ನಾಳೆ ಬರಲೇ ಇಲ್ಲ. ಮಡಿಸಲಾಗದ ಕಾಲನ್ನು ಚಾಚಿಕೊಂಡು ತಮ್ಮ ಕಾರ್ಖಾನೆಯ ಮೂಲೆಯಲ್ಲಿ ಸೀಟಿನ ಚರ್ಮ ಹೊಲಿಯತೊಡಗಿದ. ಮೇಸ್ತ್ರಿ ತನ್ನ ಹೆಂಡತಿ ಸತ್ತ ಮೇಲೆ ತಮ್ಮನ ಮನೆಯಲ್ಲೇ ಉಣ್ಣುತ್ತಿದ್ದ. ತಟ್ಟೆ ಮುಂದೆ ಕೂತರೆ ದಿನವೂ ತಮ್ಮನ ಹೆಂಡತಿಯದು ಗಂಡನ ಮೇಲೆ ಅದೇ ಪಾರಾಯಣ.

"ಕಣ್ಣು ಎಲ್ಲಿಟ್ಕೊಂಡಿದ್ರಿ? ಒಂದು ಮೋಟಾರು ಬರೋದು ಕಾಣ್ಲಿಲ್ವಾ? ಭಾವ ಪಕ್ಕದಲ್ಲೇ ಇದ್ರು, ಅವರನ್ನಾದ್ರೂ ಒಂದು ಮಾತು ಕೇಳಬಾರದಿತ್ತಾ?"

ತಮ್ಮ ತಲೆ ತಗ್ಗಿಸಿ ಉಣ್ಣುತ್ತಿದ್ದ. ಮೇಸ್ತ್ರಿ ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸುತ್ತಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಉಳಿಸಿಕೊಂಡ ಮಾತು ಏನಾಗುತ್ತದೆಂದು ಯಾರೂ ಗಾದೆ ಕಟ್ಟಲಿಲ್ಲ.

ಅಷ್ಟರಲ್ಲಿ ರಸ್ತೆಯಲ್ಲಿ ಮೋಟಾರುಗಳೇ ಹೆಚ್ಚಾದವು. ಚರಂಡಿಗಿಂತ ಎದುರಿನ ಗಾಡಿ ದೊಡ್ಡ ಅಪಾಯವೆಂದು ಕಂಪನಿಗಳಿಗೂ ತಿಳಿಯಿತು, ಒಬ್ಬೊಬ್ಬರಾಗಿ ಸ್ಟಿಯರಿಂಗನ್ನು ನಡುವಿನ ಕಡೆಗೆ ಸರಿಸಿದರು. ಮೇಸ್ತ್ರಿ ಶೆಡ್ಡಿನ ಹಿಂದೆ ಬಿದ್ದಿದ್ದ ತಮ್ಮನ ಕಾರನ್ನು ಒಳಗೆ ಎಳೆಸಿದ. ಕಮ್ಮಾರನನ್ನು ಕೂರಿಸಿಕೊಂಡು ಸ್ಟಿಯರಿಂಗನ್ನು ಬಿಚ್ಚಿ ಆ ಕಡೆಯಿಂದ ಈ ಕಡೆಗೆ ತಂದ. ಬಾಗಿಲುಗಳನ್ನು ಹೊಸದಾಗಿ ಕೆತ್ತಿದ, ಕೈಯಾರೆ ಮೆರುಗು ಹಾಕಿದ. ಮುಗಿದ ಮೇಲೆ ತಮ್ಮನ ತೋಳು ಹಿಡಿದು ಕರೆತಂದು ಕಾರಿನ ಮುಂದೆ ನಿಲ್ಲಿಸಿದ.

ತಮ್ಮ ಕಾರನ್ನು ಸುತ್ತಿ ನೋಡಿದ. ಸ್ಟಿಯರಿಂಗ್ ಮೇಲೆ ಕೈಯಾಡಿಸಿದ. ಕಾಲಲ್ಲಿ ಒತ್ತಬೇಕಾದ ಕ್ಲಚ್ಚಿನ ಕಡೆ ನೋಡಿ, ತನ್ನ ಮಡಿಸಲಾಗದ ಕಾಲನ್ನೂ ನೋಡಿದ.

"ಚೆನ್ನಾಗಿ ಮಾಡಿದ್ದೀಯ ಅಣ್ಣ," ಎಂದ. ಆಮೇಲೆ ಮೆಲ್ಲಗೆ ಕೇಳಿದ. "ಅವಳಿಗೆ ಹೇಳಿದ್ಯಾ?"

ಮೇಸ್ತ್ರಿಗೆ ತಾನು ಇಷ್ಟು ದಿನ ಮರ ಕೆತ್ತಿದ್ದು ಯಾಕೆಂದು ಆಗ ಅರ್ಥವಾಯಿತು. ಒಂದು ಮಾತು ಹೇಳಲಾರದೆ ಇಡೀ ಕಾರನ್ನೇ ಬಿಚ್ಚಿ ಜೋಡಿಸಿದ್ದ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅಂದು ಊಟಕ್ಕೆ ಕೂತಾಗ ಪಾರಾಯಣ ಶುರುವಾಯಿತು. "ಭಾವನನ್ನಾದ್ರೂ ಕೇಳಬಾರದಿತ್ತಾ" ಎಂಬಲ್ಲಿಗೆ ಬಂದಾಗ ಮೇಸ್ತ್ರಿ ತಟ್ಟೆ ಸರಿಸಿದ.

"ಅವನು ಕೇಳಿದ್ದ ಕಣಮ್ಮ. ನಾನೇ ನೋಡಿ, ದೂರ ಇದೆ ಹೋಗು ಅಂದೆ. ನಡುವಿನ ಕಡೆ ಕೂರ್ತೀನಿ ಅಂತ ಮೊದಲೇ ಗೋಗರೆದಿದ್ದ. ಅದನ್ನೂ ನಾನೇ ಕೊಡಲಿಲ್ಲ."

ಅವಳ ಕೈಯ ಸೌಟು ಪಾತ್ರೆಯೊಳಗೇ ನಿಂತಿತು. ಗಂಡನ ಕಡೆ ತಿರುಗಿದಳು. "ಹೌದಾ?"

ಅವನು ತಲೆಯಾಡಿಸಿದ.

"ನಾನು ಅಷ್ಟು ಅಂದ್ರೂ ಸುಮ್ಮನೆ ಕೂತಿದ್ರಲ್ಲ."

"ಅಣ್ಣನೇ ಹೇಳಲಿ ಅಂತ," ಎಂದ ಅವನು.

ಅವಳು ಸೌಟು ಬಿಟ್ಟು ಮೇಸ್ತ್ರಿಯ ಕಡೆ ತಿರುಗಿದಳು. ಆಮೇಲೆ ಹೇಳಿದಳು: "ಅವತ್ತೇ ಹೇಳಿದ್ರೆ ನಿಮ್ಮನ್ನ ನಾಲ್ಕು ದಿನ ಬೈದು ಬಿಟ್ಬಿಡ್ತಿದ್ದೆ ಭಾವ. ಇವರ ಕಾಲು ಮುರಿದಿದ್ದು ನಿಮ್ಮಿಂದ, ಸರಿ. ದಿನಾ ತಟ್ಟೆ ಮುಂದೆ ಇವರನ್ನ ಮುರಿದಿದ್ದು ನಾನು. ಅದನ್ನ ನನ್ನ ಕೈಲಿ ಮಾಡಿಸಿಬಿಟ್ರಲ್ಲ."

ಈ ಸಲ ಮಧ್ಯೆ ತರಲು ಮೇಸ್ತ್ರಿಗೆ ಅಪ್ಪನೂ ಸಿಗಲಿಲ್ಲ.

ಮಾರನೆಯ ದಿನದಿಂದ ಆ ಮನೆಯಲ್ಲಿ ಬೈಗುಳ ನಿಂತಿತು. ಅವಳು ಗಂಡನ ಪಕ್ಕದಲ್ಲೇ ಕೂತು, ಅವನ ನೋಯುವ ಕಾಲಡಿಗೆ ದಿಂಬು ಸರಿಸಿ, ಅವನು ಉಂಡು ಮುಗಿಸುವವರೆಗೂ ಏಳದೆ ಇರುತ್ತಿದ್ದಳು. ಮೇಸ್ತ್ರಿ ತನ್ನ ಸರದಿಗಾಗಿ ಕಾದ. ಅವಳು ಬೈಯಲಿಲ್ಲ. "ಇನ್ನೂ ಸ್ವಲ್ಪ ಹಾಕ್ಲಾ ಭಾವ?" ಎಂದು ಮೊದಲಿನ ಹಾಗೇ ಕೇಳುತ್ತಿದ್ದಳು, ಮುಖ ಮಾತ್ರ ನೋಡುತ್ತಿರಲಿಲ್ಲ.