ಬಿಳಿಗೆರೆಯ ವಿಳಾಸ

ತಿ. ನರಸೀಪುರದ ಖಾಸಗಿ ಹಾಲಿನ ಡೇರಿಯೊಂದರ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದ ಅಮೃತೇಶನಿಗೆ ತನ್ನ ಕಂಟೇನರಿನ ಮೇಲೆ ಬಹಳ ಹೆಮ್ಮೆ. ಪ್ರೋಗ್ರಾಂ ಓಡುವ ಆ ಮುಚ್ಚಿದ ಡಬ್ಬಿಯಿಂದ ಬೇಡದ್ದನ್ನೆಲ್ಲ ಕಿತ್ತು ಹಾಕಿದ್ದ. ಕಳ್ಳ ಹೊಕ್ಕರೂ ಕೈಗೆ ಒಂದು ಕಡ್ಡಿಯೂ ಸಿಗುತ್ತಿರಲಿಲ್ಲ. ಒಳಗೇನಾಗಿದೆಯೆಂದು ಇಣುಕಲು ತನಗೂ ದಾರಿಯಿಲ್ಲ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಹದಿನೈದು ದಿನದಿಂದ ಬೆಳಿಗ್ಗೆ ಏಳಕ್ಕೆ, ಕ್ಯಾನುಗಳ ಸಾಲು ಬಾಗಿಲು ದಾಟುವ ಹೊತ್ತಿಗೆ, ಕಂಪ್ಯೂಟರಿನ ಪರದೆ ನಿಂತುಬಿಡುತ್ತಿತ್ತು. ನಾಲ್ಕೈದು ಸಲ ರೀಸ್ಟಾರ್ಟ್ ಮಾಡಿದ ಮೇಲೆ ಹೇಗೋ ಏಳುತ್ತಿತ್ತು. ಮಾಲೀಕರು ಕಾರಣ ಕೇಳಿದಾಗ ಅಮೃತೇಶ, ಆಪರೇಟರ್ ತಪ್ಪು ಬಟನ್ ಒತ್ತುತ್ತಾರೆ ಎಂದು ಬರೆದುಕೊಟ್ಟ. ಆಪರೇಟರ್ ಎಂದರೆ ಹಾಲಿನ ಫ್ಯಾಟ್ ನೋಡಿ ನಮೂದಿಸುವ ಇಂದ್ರಾಣಿ. ನಾಳೆಯಿಂದ ಅವಳನ್ನು ಕ್ಯಾನು ತೊಳೆಯಲು ಹಾಕುವುದೆಂದು ತೀರ್ಮಾನವಾಗಿತ್ತು.

"ನಾನ್ ಒತ್ತೋದು ಎರಡೇ ಬಟನ್ನು ಸಾ," ಎಂದಳು ಇಂದ್ರಾಣಿ, ಅಂದೂ ನಿಂತುಹೋಗಿದ್ದ ಪರದೆಯ ಮುಂದೆ. "ಆ ಮೂರನೇದು ಎಲ್ಲದೆ ತೋರ್ಸಿ, ಒಂದ್ಸಲ ಒತ್ಬುಟ್ಟಾದ್ರೂ ಓಯ್ತೀನಿ."

ಹಾಲು ತಂದು ಸಾಲಿನಲ್ಲಿ ನಿಂತಿದ್ದವರು ನಕ್ಕರು. ಅಮೃತೇಶ ರೀಸ್ಟಾರ್ಟಿಗೆ ಕೈ ಚಾಚಿದ. ಅವನ ಕೈಕೆಳಗೆ ನಂಜನಗೂಡಿನಿಂದ ಹೊಸದಾಗಿ ಕೆಲಸಕ್ಕೆ ಬಂದಿದ್ದ ನಂದಿತಾ ತಡೆದಳು.

"ಬೇಡಿ ಸರ್. ಸಿಕ್ಕಾಕೊಂಡಿರೋವಾಗ್ಲೇ ನೋಡ್ಬೇಕು. ರೀಸ್ಟಾರ್ಟ್ ಮಾಡಿದ್ರೆ ಸಾಕ್ಷಿನೇ ತೊಳೆದುಹೋಗುತ್ತೆ."

"ಏನ್ ನೋಡ್ತೀಯಮ್ಮ? ಒಳಗೆ ಕಮಾಂಡ್ ಕೊಡಕ್ಕೂ ಜಾಗ ಇಲ್ಲ."

"ಒಳಗ್ಯಾಕೆ? ಪಕ್ಕದಲ್ಲೇ ಇನ್ನೊಂದು ಕಂಟೇನರ್ ಅಂಟಿಸ್ತೀನಿ, ನಮ್ಮ ಸಾಮಾನೆಲ್ಲ ಅದ್ರಲ್ಲಿರುತ್ತೆ. ಇದು ಏನ್ ಮಾಡ್ತಿದೆ ಅಂತ ಅಲ್ಲಿಂದ್ಲೇ ಕಾಣುತ್ತೆ."

ಕಂಡಿತು. ಪ್ರೋಗ್ರಾಂ ಸತ್ತಿರಲಿಲ್ಲ, ಯಾವುದೋ ಒಂದು ಇಂಟರ್ನೆಟ್ ವಿಳಾಸದಿಂದ ಬರಬೇಕಾದ ಉತ್ತರಕ್ಕೆ ಕಾಯುತ್ತ ಕೂತಿತ್ತು.

"ಯಾರ್ದು ಸರ್ ಈ ವಿಳಾಸ?"

ಅಮೃತೇಶನಿಗೆ ಅದು ಬಾಯಿಪಾಠ. ಬಿಳಿಗೆರೆಯ ಅವನ ಮನೆಯದೇ. ಪ್ರೋಗ್ರಾಂ ಪರೀಕ್ಷಿಸಲೆಂದು ಹಾಲಿನ ದರದ ಪಟ್ಟಿಯನ್ನು ಮನೆಯ ಪುಟ್ಟ ಕಂಪ್ಯೂಟರಿನಲ್ಲಿಟ್ಟವನು ಆಮೇಲೆ ಆ ವಿಳಾಸ ಬದಲಿಸುವುದನ್ನೇ ಮರೆತಿದ್ದ. ಹೊರಗೆ ಹೋಗಿ ತಾಯಿ ಮಲ್ಲಾಜಮ್ಮನಿಗೆ ಫೋನ್ ಮಾಡಿದ. ಎತ್ತಲಿಲ್ಲ. ಕಾಲು ಗಂಟೆ ಕಳೆದು ಅವರೇ ಮಾಡಿದರು.

"ಪೂಜೆಗ್ ಕೂತಿದ್ದೆ ಕಣಪ್ಪ. ನಿನ್ನಾ ಡಬ್ಬ ಗುಯ್ ಅನ್ನಕ್ಕೆ ಸುರುವಾಗಿ ಹದಿನೈದು ದಿನ ಆಯ್ತು. ಅಂಗೈಲಿ ಲಿಂಗ ಇಟ್ಕಂಡ್ರೆ ಮನ್ಸೇ ನಿಲ್ಲಕಿಲ್ಲ. ಅದ್ಕೆ ಆರಿಸ್ಬುಟ್ಟು ಕೂರ್ತೀನಿ. ಎದ್ದಮ್ಯಾಕೆ ಆಕ್ತೀನಲ್ಲ, ನಿಂಗೇನ್ ತೊಂದ್ರೆ?"

"ಏನಿಲ್ಲ ಬುಡವ್ವ."

ಅವನು ಒಳಗೆ ಬರುವಷ್ಟರಲ್ಲಿ ಪರದೆ ತಾನಾಗಿಯೇ ಎದ್ದಿತ್ತು. ನಂದಿತಾ ಅವನ ಮುಖ ನೋಡಿದಳು. ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ನೆಟ್‌ವರ್ಕ್ ತೊಂದರೆ ಎಂಬ ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು, ಸಾಲಿನವರೆಲ್ಲ ನಂಬುತ್ತಿದ್ದರು ಕೂಡ.

"ಇಂದ್ರಾಣಿ, ತಪ್ಪು ನಂದು," ಎಂದ, ನೆಲ ನೋಡುತ್ತ.

ಅವಳು ಮುಂದಿನ ಕ್ಯಾನಿನ ಮುಚ್ಚಳ ತೆಗೆದಳು. "ನಂಗ್ ಗೊತ್ತು ಸಾ. ಮಾಲೀಕ್ರಿಗೆ ಬರ್ದಿದ್ರಲ್ಲ, ಅವ್ರಿಗೇಳಿ."

ಅಮೃತೇಶ ಹಾಳೆ ಎಳೆದುಕೊಂಡ. ಕೈ ಅಭ್ಯಾಸಬಲದಿಂದ 'ಆಪರೇಟರ್' ಎಂದು ಶುರುಮಾಡಿತು. ಅದನ್ನು ಹೊಡೆದುಹಾಕಿ, ಇಂದ್ರಾಣಿ ನೋಡುತ್ತಿರುವಂತೆಯೇ, ತನ್ನ ಹೆಸರು ಬರೆದ.